ಅರ್ಧ ಚಕ್ರದ ಊರು

ಕುವೈತಿನ ರಿಗ್ಗೈ ಬಡಾವಣೆಯ ನಮ್ಮ ಕಟ್ಟಡದಲ್ಲಿ ಐದನೆಯ ಮಹಡಿಗೆ ಎರಡೇ ಮನೆ. ಲಿಫ್ಟಿನಿಂದ ಇಳಿದರೆ ಬಲಕ್ಕೆ ನಮ್ಮದು, ಎಡಕ್ಕೆ ಅವರದು. ನಡುವೆ ಬೂದು ಬಣ್ಣದ ಟೈಲ್ಸಿನ ಜಾಗ. ಅಲ್ಲಿ ಬಿಸಿಲಿಲ್ಲ, ಗಾಳಿಯಿಲ್ಲ. ಮೇಲಿರುವ ದೀಪ ಯಾರಾದರೂ ಓಡಾಡಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ, ಇಲ್ಲದಿದ್ದರೆ ಆರುತ್ತದೆ. ಬೆಳಿಗ್ಗೆ ನಾನು ರಂಗೋಲಿ ಹಾಕಲು ಕುಕ್ಕರುಗಾಲಲ್ಲಿ ಕೂತು, ಅಲುಗಾಡದೆ ಚುಕ್ಕಿ ಇಡುತ್ತಿದ್ದರೆ ಅದಕ್ಕೆ ಇಲ್ಲಿ ಯಾರೂ ಇಲ್ಲ ಅನ್ನಿಸಿ ಆರಿಹೋಗುತ್ತದೆ. ಆಗ ಕೈ ಮೇಲೆತ್ತಿ ಬೀಸಬೇಕು. ಎಷ್ಟೋ ದಿನ ಬೆಳಗಿನಿಂದ ಸಂಜೆಯವರೆಗೆ ನಾನು ಇದ್ದೇನೆ ಅಂತ ತೋರಿಸಿಕೊಂಡದ್ದು ಆ ದೀಪಕ್ಕೆ ಮಾತ್ರ.

ನಾನು ಮೈಸೂರಿನವಳು. ಮದುವೆಯಾಗಿ ಕುವೈತಿಗೆ ಬಂದವಳು ಇಲ್ಲೇ ಕೂದಲು ನೆರೆಸಿಕೊಂಡೆ. ನಮ್ಮವರು ಎಂಜಿನಿಯರು. ಬೆಳಕು ಹರಿಯುವಷ್ಟರಲ್ಲಿ ಕಂಪನಿಯ ವ್ಯಾನು ಹತ್ತಿದರೆ ಮನೆಗೆ ಬರುವಾಗ ಮುಖದಲ್ಲಿ ಮಾತಿರುವುದಿಲ್ಲ. ಒಬ್ಬಳೇ ಮಗಳು ಇಲ್ಲೇ ಹುಟ್ಟಿ, ಇಲ್ಲೇ ಶಾಲೆ ಮುಗಿಸಿ, ಕಾಲೇಜಿಗೆ ಅಂತ ಇಂಡಿಯಾಗೆ ಹೋದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿಂದ ಬರುವುದು ಇಂಗ್ಲಿಷ್. ವಾರಾಂತ್ಯದಲ್ಲಿ ಫರ್ವಾನಿಯಾದ ಅಂಗಡಿ, ಯಾವಾಗಲಾದರೂ ಕನ್ನಡದವರ ಪೈಕಿ ಯಾರದಾದರೂ ಮನೆಯ ಸತ್ಯನಾರಾಯಣ ಪೂಜೆ. ಉಳಿದಂತೆ ನಾನು, ನನ್ನ ಕುಕ್ಕರು, ಎ.ಸಿ.ಯ ಸದ್ದು. ಹೇಳಿಕೊಳ್ಳುವಂಥ ಕಷ್ಟವೇನೂ ಇರಲಿಲ್ಲ. ಅದಕ್ಕೇ ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಎದುರು ಮನೆಯಲ್ಲಿದ್ದವರು ಒಬ್ಬ ಜರ್ಮನ್ ಹೆಂಗಸು ಮತ್ತು ಅವರ ಗಂಡ. ಗಂಡ ಜೋರ್ಡಾನಿನವರು, ಯಾವುದೋ ಕಟ್ಟಡ ಕಂಪನಿಯಲ್ಲಿ ಕೆಲಸ. ಜರ್ಮನಿಗೆ ಓದಲು ಹೋದಾಗ ಇವರನ್ನು ಮೆಚ್ಚಿ ಮದುವೆಯಾಗಿ, ಇಬ್ಬರೂ ಯೌವನದಲ್ಲೇ ಕುವೈತಿಗೆ ಬಂದವರು. ಮಕ್ಕಳಿರಲಿಲ್ಲ. ಒಂದು ದಿನ ಬೆಳಿಗ್ಗೆ ಆಕೆ ಬಾಗಿಲು ತೆರೆದು, ನಾನು ಎಳೆ ಎಳೆಯುವುದನ್ನು ಕೊನೆಯವರೆಗೂ ನಿಂತು ನೋಡಿ, ಪೇಪರು ಯಾಕೆ ಬಂದಿಲ್ಲ ಎಂದು ಕೇಳುವ ಧಾಟಿಯಲ್ಲಿ ಕೇಳಿದರು:

“ನಮ್ಮ ಬಾಗಿಲಿಗೆ ಯಾಕಿಲ್ಲ?”

ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಅವರದೂ ಕಲಿತ ಇಂಗ್ಲಿಷ್, ನನ್ನದೂ ಕಲಿತ ಇಂಗ್ಲಿಷ್, ಆದ್ದರಿಂದ ಯಾರಿಗೂ ನಾಚಿಕೆಯಿರಲಿಲ್ಲ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರು ನನಗೆ ನೀನು ಅನ್ನುತ್ತಾರೆ, ನಾನು ಅವರಿಗೆ ನೀವು ಅನ್ನುತ್ತೇನೆ. ವಯಸ್ಸಿಗೆ ಅದೇ ಸರಿ.

ಮರುದಿನದಿಂದ ಎರಡು ಬಾಗಿಲಿಗೂ ರಂಗೋಲಿ ಬಿತ್ತು. ಅವರ ಗಂಡ ದೊಡ್ಡ ಆಳು. ಆಫೀಸಿಗೆ ಹೊರಟಾಗ ರಂಗೋಲಿ ತುಳಿಯಬಾರದೆಂದು ಗೋಡೆ ಹಿಡಿದು, ಒಂದು ಕಾಲೆತ್ತಿ, ಕೊಕ್ಕರೆಯ ಹಾಗೆ ದಾಟುತ್ತಿದ್ದರು. ನಮ್ಮ ಮನೆಯ ಯಜಮಾನರು ಮಾತ್ರ ನನ್ನ ರಂಗೋಲಿಯ ಮೇಲೆ ನೇರ ನಡೆದು ಹೋಗುವವರು, ಷೂ ತಳಕ್ಕೆ ಬಿಳಿ ಹತ್ತಿಸಿಕೊಂಡು.

ಹೀಗೆ ಶುರುವಾದದ್ದು ಡಬ್ಬಿಗಳ ಓಡಾಟಕ್ಕೆ ಬಂತು. ನಾನು ಬಿಸಿಬೇಳೆಬಾತ್ ಕೊಟ್ಟರೆ ಅವರು ಡಬ್ಬಿಯನ್ನು ಫಳಫಳ ಹೊಳೆಯುವಂತೆ ತೊಳೆದು, ಒರೆಸಿ, ಬರಿದಾಗಿ ವಾಪಸ್ ತರುತ್ತಿದ್ದರು. ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಕೊನೆಗೆ ಹೇಳಿಯೇಬಿಟ್ಟೆ. ನಮ್ಮಲ್ಲಿ ಬರಿ ಪಾತ್ರೆ ಹಿಂದಿರುಗಿಸುವುದಿಲ್ಲ, ಬರಿ ಕೈ, ಬರಿ ಹಣೆ, ಬರಿ ಹೊಸಿಲು, ಬರಿದು ಅನ್ನುವುದೇ ನಮಗಾಗುವುದಿಲ್ಲ ಅಂದೆ. ಆಮೇಲೆ ಅವರ ಡಬ್ಬಿಯಲ್ಲಿ ಒಂದು ನಿಂಬೆಹಣ್ಣು ಇರುತ್ತಿತ್ತು, ಇಲ್ಲವೇ ನಾಲ್ಕು ಖರ್ಜೂರ. ಒಮ್ಮೆ ಮನೆಯಲ್ಲಿ ಏನೂ ಸಿಗದೆ ಒಂದು ಚಮಚ ಸಕ್ಕರೆ ಹಾಕಿ ತಂದಿದ್ದರು.

ಅವರ ಅಡುಗೆಮನೆಯ ಗೋಡೆಯಲ್ಲಿ ಒಂದು ತಗಡಿನ ಫಲಕ ತೂಗುತ್ತಿತ್ತು. ಗುರಾಣಿಯ ಆಕಾರ, ಅಂಗೈಗಿಂತ ಸ್ವಲ್ಪ ದೊಡ್ಡದು. ಮಧ್ಯದಲ್ಲಿ ಉದ್ದಕ್ಕೆ ಸೀಳಿದ ಹಾಗೆ ಎರಡು ಭಾಗ. ಒಂದು ಭಾಗ ಕಡುಗೆಂಪು, ಅದರಲ್ಲಿ ಬಿಳಿಯ ಅರ್ಧ ಚಕ್ರ. ಚಕ್ರದ ಅಂಚಿಗೆ ಸುತ್ತಲೂ ಹಲಗೆಗಳು. ಇನ್ನೊಂದು ಭಾಗದಲ್ಲಿ ಏನೂ ಇರಲಿಲ್ಲ, ಬರಿಯ ಬಿಳಿ. ಒಲೆಯ ಹೊಗೆಗೂ ಒರೆಸುವ ಬಟ್ಟೆಗೂ ಸಿಕ್ಕಿ ಆ ಕಡೆಯ ಬಣ್ಣ ಹೋಗಿದೆ ಅಂದುಕೊಂಡೆ. ಏನಿದು ಅಂತ ಕೇಳಿದ್ದಕ್ಕೆ, “ನಮ್ಮ ಊರಿನ ಲಾಂಛನ, ನನ್ನ ಅಪ್ಪ ಮದುವೆಯಲ್ಲಿ ಕೊಟ್ಟದ್ದು” ಅಂದರು. ಊರಿನ ಹೆಸರನ್ನೂ ಹೇಳಿದರು, ನನ್ನ ನಾಲಿಗೆ ತಿರುಗಲಿಲ್ಲ. ಅಷ್ಟಕ್ಕೇ ಬಿಟ್ಟೆ. ಮೈಸೂರಿನಲ್ಲಿ ಬೆಳೆದವಳಿಗೆ ಲಾಂಛನ ಹೊಸದೇ? ಗೇಟಿನ ಮೇಲೆ ಗಂಡಭೇರುಂಡ, ಬಸ್ಸಿನ ಮೇಲೆ ಗಂಡಭೇರುಂಡ, ಅಪ್ಪನ ಆಫೀಸಿನ ಲಕೋಟೆಯ ಮೇಲೂ ಗಂಡಭೇರುಂಡ. ಎರಡು ತಲೆ ಯಾಕೆ ಅಂತ ನಾನು ಯಾವತ್ತೂ ಯಾರನ್ನೂ ಕೇಳಿದವಳಲ್ಲ.

ಆಮೇಲೆ ಒಂದು ಚಳಿಗಾಲ ಅವರ ಗಂಡ ತೀರಿಕೊಂಡರು. ಆಫೀಸಿನಲ್ಲೇ ಎದೆನೋವು ಅಂತ ಕೂತವರು ಏಳಲಿಲ್ಲ. ಅಂದೇ ಸುಲೈಬಿಖಾತಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ನಾನು ಹೋಗಿ ಆಕೆಯ ಪಕ್ಕ ಸೋಫಾದ ಮೇಲೆ ಕೂತೆ. ಅವರ ಕೈ ಹಿಡಿದುಕೊಂಡಿದ್ದೆ, ಮಾತಾಡಲಿಲ್ಲ. ಏಳುವ ಹೊತ್ತಾದಾಗ ಎದ್ದೆ, ತಿರುಗಿ ನೋಡದೆ ಬಂದೆ. ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಅನ್ನಬಾರದು ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮರುದಿನ ಬೆಳಿಗ್ಗೆ ನಮ್ಮ ಬಾಗಿಲಿಗೆ ಮಾತ್ರ ರಂಗೋಲಿ ಹಾಕಿದೆ. ಸಾವಾದ ಮನೆಯ ಮುಂದೆ ರಂಗೋಲಿ ಹಾಕುವುದುಂಟೇ?

ವಾರಗಳು ಕಳೆದವು. ನಾನು ಡಬ್ಬಿ ಹಿಡಿದು ಹೋಗಿ ಬೆಲ್ಲು ಒತ್ತಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಒಳಗೆ ರೇಡಿಯೊ ಸಣ್ಣಗೆ ಕೇಳುತ್ತಿತ್ತು, ಮನೆಯಲ್ಲಿ ಇದ್ದಾರೆ ಅಂತ ಗೊತ್ತು. ದುಃಖದಲ್ಲಿರುವವರು, ಒಬ್ಬರೇ ಇರಬೇಕು ಅನ್ನಿಸಿರಬಹುದು ಅಂತ ಸುಮ್ಮನಾದೆ. ಆದರೆ ಸುಮ್ಮನಾಗುವುದು ಅವರಿಗಿಂತ ನನಗೇ ಕಷ್ಟವಾಯಿತು. ಸಂಜೆ ನಾಲ್ಕಾದರೆ ನಮ್ಮಿಬ್ಬರ ಕಾಫಿಗೆ ಎರಡು ಲೋಟ ನೀರು ಇಡುವ ಕೈ, ಒಂದು ಲೋಟ ತೆಗೆದು ಚೆಲ್ಲುತ್ತಿತ್ತು. ಅವರು ಇಲ್ಲದ ದಿನ ನಾನು ಯಾರ ಜೊತೆಗೂ ಬಾಯಿ ಬಿಚ್ಚಿರುವುದಿಲ್ಲ ಅನ್ನುವುದು ಆಗ ನನಗೆ ತಿಳಿಯಿತು. ನನ್ನ ಕುವೈತು ಅಂದರೆ ಆ ಒಂದು ಬಾಗಿಲೇ ಆಗಿತ್ತು.

ಒಂದು ಮಧ್ಯಾಹ್ನ ಲಿಫ್ಟಿನಲ್ಲಿ ಸಿಕ್ಕರು. ಕೈಯಲ್ಲಿ ಬ್ರೆಡ್ಡಿನ ಚೀಲ. ಮೂರನೆಯ ಮಹಡಿ ದಾಟುವಾಗ ಗೋಡೆ ನೋಡುತ್ತಲೇ ಕೇಳಿದರು.

“ನಾನು ಏನು ತಪ್ಪು ಮಾಡಿದೆ?”

ನನಗೆ ಅರ್ಥವಾಗಲಿಲ್ಲ.

“ಅವರು ಹೋದ ಮಾರನೇ ದಿನವೇ ನನ್ನ ಬಾಗಿಲಿಗೆ ಹಾಕುವುದನ್ನು ನಿಲ್ಲಿಸಿದೆ. ನಿನ್ನ ಬಾಗಿಲಿಗೆ ಹಾಕಿಕೊಂಡೆ, ನನ್ನದಕ್ಕೆ ಹಾಕಲಿಲ್ಲ. ಅವತ್ತು ನನ್ನ ಮನೆಯಿಂದ ಒಂದು ಮಾತೂ ಆಡದೆ ಎದ್ದು ಹೋದೆ. ಗಂಡ ಇಲ್ಲದವಳು ನಿಮ್ಮ ದೇವರಿಗೆ ಬೇಡವಾ?”

ಲಿಫ್ಟು ನಿಂತು ಬಾಗಿಲು ತೆರೆದರೂ ನಾವಿಬ್ಬರೂ ಇಳಿಯಲಿಲ್ಲ. ನಾನು ಹೇಳಿದೆ. ಸೂತಕ ಅಂದರೇನು, ರಂಗೋಲಿ ಯಾಕೆ ಬಿಡುತ್ತಾರೆ, ಯಾಕೆ ಹೇಳದೆ ಎದ್ದು ಬರುತ್ತಾರೆ ಅಂತ ನನಗೆ ಬರುವ ಇಂಗ್ಲಿಷಿನಲ್ಲೆಲ್ಲ ಹೇಳಿದೆ. ನಿಮ್ಮ ದುಃಖಕ್ಕೆ ಮರ್ಯಾದೆ ಕೊಟ್ಟದ್ದು ಅಂದೆ. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳಲು ಬಂದು ಅವರ ಬ್ರೆಡ್ಡಿನ ಚೀಲಕ್ಕೆ ತಗುಲಿ ಹಿಂದೆ ಹೋಗುತ್ತಿತ್ತು. ಅವರು ಅಷ್ಟೂ ಕೇಳಿ, “ನನಗೆ ಹೇಳಬಹುದಿತ್ತು” ಅಂದರು. ಹೇಳಬಹುದಿತ್ತು, ನಿಜ. ಆದರೆ ಇಂಥದ್ದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಅಂತಲೇ ಬದುಕುತ್ತೇವೆ.

ಅವತ್ತಿನಿಂದ ಕಾಫಿಗೆ ಮತ್ತೆ ಎರಡು ಲೋಟ ನೀರು. ಆದರೆ ಈಗ ಮಾತೆಲ್ಲ ಒಂದೇ ವಿಷಯದ ಸುತ್ತ. ಗಂಡನ ಮೇಲೆ ಅವಲಂಬಿಸಿದ್ದ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಇನ್ನು ಕೆಲವೇ ತಿಂಗಳು. ಸಾಲ್ಮಿಯಾದ ಒಂದು ಶಿಶುವಿಹಾರದವರು ಕೆಲಸ ಕೊಟ್ಟು ಇಕಾಮಾ ಮಾಡಿಸಿಕೊಡುತ್ತೇವೆ ಅಂದಿದ್ದರು. ಒಪ್ಪಿದರೆ ಇಲ್ಲೇ ಇರಬಹುದು. ಇಲ್ಲವಾದರೆ ಜರ್ಮನಿಗೆ, ಆ ಊರಿಗೆ. ಅಲ್ಲಿ ತಂದೆ ತಾಯಿ ಇಲ್ಲ, ಒಡಹುಟ್ಟಿದವರಿಲ್ಲ, ಶಾಲೆಯ ಗೆಳತಿಯರು ಎಲ್ಲೆಲ್ಲಿದ್ದಾರೋ. ಇಲ್ಲಿ ಸುಲೈಬಿಖಾತಿನಲ್ಲಿ ಗಂಡನ ಗೋರಿ. ಆಕೆ ತೀರ್ಮಾನ ಮಾಡಲಾರದೆ ಸೊರಗಿಹೋದರು.

ಅವರು ಹೋಗಬಾರದು ಅನ್ನುವುದು ನನ್ನ ಆಸೆ. ಅವರ ಒಳ್ಳೆಯದಕ್ಕೆ ಅಂತ ನಾನು ಹೇಳುತ್ತಿದ್ದೆ. ಅಲ್ಲಿ ಚಳಿ, ಅಲ್ಲಿ ಯಾರಿದ್ದಾರೆ, ಕಾಯಿಲೆಯಾದರೆ ಯಾರು ನೋಡುತ್ತಾರೆ ಅಂತ ಪಟ್ಟಾಗಿ ವಾದ ಮಾಡುತ್ತಿದ್ದೆ. ಒಳಗಿನ ಮಾತು ಒಂದೇ. ಆ ಬಾಗಿಲು ಮುಚ್ಚಿದರೆ ನಾನು ಸಂಜೆ ನಾಲ್ಕಕ್ಕೆ ಏನು ಮಾಡಲಿ?

ಆಗ ನನಗೊಂದು ಉಪಾಯ ಹೊಳೆಯಿತು. ಊರು ಅಂದರೆ ತಾನೇ ಅವರಿಗೆ ಹೋಗಬೇಕು ಅನ್ನಿಸುವುದು? ಆ ಊರನ್ನು ಇಲ್ಲೇ ಅವರ ಹೊಸಿಲಿಗೆ ತಂದುಬಿಟ್ಟರೆ? ಸೂತಕ ಕಳೆದು ಎಷ್ಟೋ ಕಾಲವಾಗಿತ್ತು, ಮತ್ತೆ ರಂಗೋಲಿ ಹಾಕಲು ಅಡ್ಡಿಯಿರಲಿಲ್ಲ. ಮೊದಲ ರಂಗೋಲಿ ಅವರ ಊರಿನ ಲಾಂಛನದ್ದೇ ಆಗಲಿ ಅಂದುಕೊಂಡೆ. ಅವರು ಕಾಫಿ ಸೋಸುತ್ತಿದ್ದಾಗ ತಗಡಿನ ಫಲಕದ ಒಂದು ಫೋಟೊ ತೆಗೆದುಕೊಂಡೆ. ಆಮೇಲೆ ನಮ್ಮ ಹಾಲಿನ ಕಾರ್ಪೆಟ್ಟು ಮಡಚಿ ಸೀಮೆಸುಣ್ಣದಲ್ಲಿ ಅಭ್ಯಾಸಕ್ಕೆ ಕೂತೆ.

ಸುಲಭ ಅಂತ ತಿಳಿದಿದ್ದೆ. ಚುಕ್ಕಿ ಇಟ್ಟು ಎಳೆ ಸುತ್ತುವ ಕೈಗೆ ಅರ್ಧ ಚಕ್ರ ಬರಲೊಲ್ಲದು. ಅರ್ಧಕ್ಕೆ ಬಂದ ಎಳೆ ತಾನಾಗಿ ಸುತ್ತಿ ಪೂರ್ತಿ ಚಕ್ರವಾಗಿಬಿಡುತ್ತಿತ್ತು. ಅಂಚಿನ ಹಲಗೆಗಳನ್ನು ಬರೆದರೆ ತಾವರೆಯ ದಳದ ಹಾಗೆ ಕಾಣುತ್ತಿದ್ದವು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅಂತಾರಲ್ಲ, ಅದೇ ಆಯಿತು. ಸಂಜೆ ನಮ್ಮವರು ಬಂದು, ಬ್ಯಾಗು ಇಡಲೂ ಜಾಗವಿಲ್ಲದೆ ಬಾಗಿಲಲ್ಲೇ ನಿಂತರು.

“ಏನೇ ಇದು, ಮನೆ ತುಂಬ ಬರೀ ಚಕ್ರ? ಯುದ್ಧಕ್ಕೆ ರಥ ಕಟ್ತಿದ್ದೀಯಾ?”

“ಎದುರು ಮನೆಯವರ ಊರಿಂದು. ನಾಳಿದ್ದು ಅವರ ಬಾಗಿಲಿಗೆ ಹಾಕ್ಬೇಕು. ನೋಡಿ, ಈ ಅರ್ಧದಲ್ಲಿ ಏನಿತ್ತೋ ಏನೋ, ಬಣ್ಣವೇ ಹೋಗ್ಬಿಟ್ಟಿದೆ.”

ಅವರು ಫೋಟೊ ದೊಡ್ಡದು ಮಾಡಿ ನೋಡಿದರು. ನಕ್ಷೆ ಓದಿ ಓದಿ ಸವೆದ ಕಣ್ಣು.

“ಬಣ್ಣ ಹೋಗಿದ್ದಲ್ಲ ಕಣೇ ಇದು. ಡ್ರಾಯಿಂಗಲ್ಲಿ ಖಾಲಿ ಬಿಟ್ಟಿದ್ರೆ ಬೇಕು ಅಂತಲೇ ಬಿಟ್ಟಿರ್ತಾರೆ.”

“ನೀವು ಸುಮ್ನಿರಿ. ಖಾಲಿ ಇಟ್ಕೊಂಡು ಯಾವ ಊರಿನವರು ಮೆರೆಸ್ತಾರೆ?”

ಮಗಳಿಗೆ ಫೋನು ಮಾಡಿದಾಗ ಅವಳದೂ ಅದೇ ರಾಗ. “ಅಮ್ಮಾ, ವೈ ಡೋಂಟ್ ಯು ಜಸ್ಟ್ ಆಸ್ಕ್ ಹರ್?” ಕೇಳಿದರೆ ಗುಟ್ಟು ರಟ್ಟಾಗುತ್ತದಲ್ಲ. ಗಂಡನ ಮಾತೂ ಬೇಡ, ಮಗಳ ಮಾತೂ ಬೇಡ ಅಂತ ನನ್ನ ಬುದ್ಧಿಗೇ ಬಿಟ್ಟೆ. ಆ ಬರಿಯ ಭಾಗದಲ್ಲಿ ಒಂದು ದೋಣಿ ಬರೆಯುವುದು ಅಂತ ತೀರ್ಮಾನವಾಯಿತು. ಇಲ್ಲಿಯ ಹಳೆಯ ಮರದ ಹಾಯಿದೋಣಿ, ಕೆಳಗೆ ನೀಲಿ ಅಲೆ. ಒಂದು ಕಡೆ ಅವರ ಊರು, ಇನ್ನೊಂದು ಕಡೆ ಕುವೈತು. ಇದನ್ನು ನೋಡಿದ ಮೇಲೆ ಅವರು ಹೇಗೆ ಹೋಗುತ್ತಾರೆ ನೋಡೋಣ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಆ ಬೆಳಿಗ್ಗೆ ನಮ್ಮವರು ಹೊರಟ ಕೂಡಲೇ ಅವರ ಹೊಸಿಲ ಮುಂದೆ ಕೂತೆ. ಊರಿನಿಂದ ತಂದಿಟ್ಟುಕೊಂಡಿದ್ದ ಕೆಮ್ಮಣ್ಣಿನಲ್ಲಿ ಕೆಂಪು ಭಾಗ ತುಂಬಿದೆ. ಅದರ ಮೇಲೆ ಬಿಳಿ ಪುಡಿಯಲ್ಲಿ ಅರ್ಧ ಚಕ್ರ. ಈ ಸಲ ಕೈ ಮಾತು ಕೇಳಿತು. ಇನ್ನರ್ಧದಲ್ಲಿ ದೋಣಿ, ಹಾಯಿ, ಫರ್ವಾನಿಯಾದಿಂದ ತಂದ ನೀಲಿ ಪುಡಿಯ ಅಲೆ. ಮಧ್ಯೆ ಮಧ್ಯೆ ದೀಪ ಆರಿತು, ಕೈ ಬೀಸಿದೆ. ಮುಗಿದಾಗ ಸೊಂಟ ಹಿಡಿದುಕೊಂಡು ಎದ್ದು, ಬೆಲ್ಲು ಒತ್ತಿ, ನಮ್ಮ ಬಾಗಿಲ ಕಡೆ ಸರಿದು ನಿಂತೆ.

ಅವರು ಬಾಗಿಲು ತೆರೆದು ಮೊದಲು ನನ್ನನ್ನು ನೋಡಿದರು, ಆಮೇಲೆ ಕೆಳಗೆ. ನೋಡುತ್ತಲೇ ನಿಂತರು. ನಾನು ಅಳುವನ್ನೋ ನಗುವನ್ನೋ ಕಾಯುತ್ತಿದ್ದೆ. ಎರಡೂ ಬರಲಿಲ್ಲ.

“ಆ ಕಡೆ ತುಂಬಿಬಿಟ್ಟಿದ್ದೀಯ” ಅಂದರು.

“ಬಣ್ಣ ಹೋಗಿತ್ತಲ್ಲ, ಅದಕ್ಕೆ.”

“ಬಣ್ಣ ಹೋಗಿಲ್ಲ. ಅಲ್ಲಿ ಬಣ್ಣ ಇರಲೇ ಇಲ್ಲ.”

ಅವರಿಗೆ ಈಚೆ ಬರಲು ದಾರಿಯಿರಲಿಲ್ಲ. ಹೊಸಿಲ ಅಗಲಕ್ಕೂ ನಾನು ಗುರಾಣಿ ಹರಡಿದ್ದೆ. ತಮ್ಮ ಊರಿನ ಲಾಂಛನವನ್ನು ತುಳಿಯಲು ಅವರಿಗೆ ಕಾಲು ಬರಲಿಲ್ಲ. ಹಾಗಾಗಿ ಅವರು ಆ ಕಡೆ, ನಾನು ಈ ಕಡೆ, ಮಧ್ಯೆ ನೆಲದ ಮೇಲೆ ಆ ಊರು. ನಿಂತಲ್ಲೇ ಹೇಳಿದರು.

ನದಿಯ ಎರಡು ದಡದಲ್ಲೂ ಊರಿತ್ತಂತೆ. ಈ ದಡದಲ್ಲಿ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ ನಡೆಸುವವರು, ಆ ದಡದಲ್ಲಿ ತೊಗಲು ಹದ ಮಾಡುವ ಬಡವರು. ನೂರಾರು ವರ್ಷಗಳ ಹಿಂದಿನ ಮಾತು. ಈ ಕಡೆಯವರ ಗುರುತು ಗಿರಣಿಯ ಚಕ್ರ. ಆ ಕಡೆಯವರಿಗೆ ಬೇರೆ ಗುರುತು. ಸೇತುವೆ ಕಟ್ಟಿ ಎರಡೂ ಒಂದೇ ಊರಾದಾಗ ಲಾಂಛನವನ್ನೂ ಹಂಚಿಕೊಂಡರು. ಇವರು ತಮ್ಮ ಚಕ್ರವನ್ನು ಅರ್ಧ ಮಾಡಿ, ಅರ್ಧ ಜಾಗ ಅವರಿಗೆ ಬಿಟ್ಟುಕೊಟ್ಟರು. ಆಮೇಲೆ ಒಂದು ಚಳಿಗಾಲದ ಕೊನೆಯಲ್ಲಿ ಹೆಪ್ಪುಗಟ್ಟಿದ್ದ ನದಿ ಒಡೆಯಿತು. ಮಂಜಿನ ಗಡ್ಡೆಗಳನ್ನು ಹೊತ್ತು ಬಂದ ನೀರು ಸೇತುವೆಯನ್ನೂ ಆ ದಡವನ್ನೂ ಒಂದೇ ಸಲಕ್ಕೆ ಒಯ್ದಿತು. ಮನೆ, ಜನ, ಚರ್ಚು, ಚರ್ಚಿನಲ್ಲಿದ್ದ ಕಾಗದಗಳು ಎಲ್ಲ ಹೋದವು. ಅವರ ಗುರುತು ಏನಿತ್ತು ಅಂತ ಹೇಳಲೂ ಯಾರೂ ಉಳಿಯಲಿಲ್ಲ.

“ಗಿರಣಿಯವರು ಚಕ್ರವನ್ನು ಮತ್ತೆ ಪೂರ್ತಿ ಮಾಡಿಕೊಳ್ಳೋಣ ಅಂದರಂತೆ. ಜಾಗ ಹೇಗೂ ಖಾಲಿಯಿದೆಯಲ್ಲ ಅಂತ. ಊರು ಒಪ್ಪಲಿಲ್ಲ. ಅದು ಅವರಿಗೆ ಕೊಟ್ಟ ಜಾಗ, ಅವರಿಲ್ಲದಿದ್ದರೂ ಅವರದೇ ಅಂದರು. ಚಕ್ರ ಅರ್ಧವಾಗಿಯೇ ಉಳಿಯಿತು.”

ಆಮೇಲೆ ಬಂದವರಿಗೆಲ್ಲ ಆ ಖಾಲಿ ಜಾಗ ಕಣ್ಣು ಕುಕ್ಕಿತಂತೆ. ಒಬ್ಬ ದೊರೆ ತನ್ನ ಸಿಂಹವನ್ನು ಅಲ್ಲಿ ಕೂರಿಸಿದ. ಅವನ ವಂಶ ಅಳಿದಾಗ ಊರಿನವರು ಸಿಂಹವನ್ನು ಕೆರೆದು ತೆಗೆದರು. ಸರ್ವಾಧಿಕಾರದ ಕೆಟ್ಟ ಕಾಲದಲ್ಲಿ ಆಳುವವರು ತಮ್ಮ ಚಿಹ್ನೆಯನ್ನು ಒತ್ತಿದರು. ಯುದ್ಧ ಮುಗಿದ ಮೇಲೆ ಪುರಭವನದ ಗೋಡೆಯಿಂದ ಅದನ್ನು ಉಜ್ಜಿ ತೆಗೆದ ಹೆಂಗಸರಲ್ಲಿ ಇವರ ಅಜ್ಜಿಯೂ ಇದ್ದರು. ಅಜ್ಜಿಯ ಕೈಗೆ ಸುಣ್ಣ ಕಚ್ಚಿ ಚರ್ಮ ಸುಲಿದಿತ್ತಂತೆ.

“ಶಾಲೆಯಲ್ಲಿ ಲಾಂಛನಕ್ಕೆ ಬಣ್ಣ ಹಾಕಲು ಕೊಟ್ಟಿದ್ದರು. ನಾನೂ ಅಲ್ಲಿ ಹೂವು ಬರೆದಿದ್ದೆ” ಅಂದರು. “ಟೀಚರು ಹಾಳೆ ವಾಪಸ್ ಕೊಟ್ಟರು. ಅದು ನಿನ್ನ ಜಾಗವಲ್ಲ ಅಂದರು.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದೊರೆಗಳ, ದುಷ್ಟರ ಸಾಲಿಗೆ ಮೈಸೂರಿನ ಒಬ್ಬಳು ಗೃಹಿಣಿ ಸೇರಿದ್ದಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಬಗ್ಗಿ ಅಂಗೈಯಲ್ಲಿ ದೋಣಿಯನ್ನು ಒರೆಸಿದೆ. ಹಾಯಿ ಹೋಯಿತು, ಅಲೆ ಹೋಗಲಿಲ್ಲ. ನೀಲಿ ಟೈಲ್ಸಿಗೆ ಹತ್ತಿಕೊಂಡು ಮಬ್ಬಾಯಿತು. ಸೆರಗಿನ ತುದಿಯಲ್ಲಿ ಉಜ್ಜಿದೆ, ಮೇಲೆ ಬಿಳಿ ಪುಡಿ ಉದುರಿಸಿದೆ. ಆಗಲೂ ನೀಲಿ ಇಣುಕುತ್ತಲೇ ಇತ್ತು.

“ಸಾಕು” ಅಂದರು. ಅವರ ಕಣ್ಣು ಆ ಅರ್ಧದ ಮೇಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅಲ್ಲೇ ಹೊಸಿಲ ಆ ಕಡೆ ನೆಲದ ಮೇಲೆ ಕೂತುಬಿಟ್ಟರು. ನಾನೂ ಈ ಕಡೆ ಕೂತೆ.

“ನನ್ನ ಗಂಡನ ಷೂ ಇನ್ನೂ ಬಾಗಿಲ ಹಿಂದೆ ಇದೆ. ಹಲ್ಲುಜ್ಜುವ ಬ್ರಷ್ಷೂ ಅಲ್ಲೇ ಇದೆ. ದಿನಾ ಅವರ ಕುರ್ಚಿಯ ಎದುರಿಗೆ ಕೂತು ಊಟ ಮಾಡ್ತೀನಿ. ಶುಕ್ರವಾರ ಗೋರಿಯ ಹತ್ತಿರ ಹೋಗಿ ಕೂರ್ತೀನಿ. ನಾನು ಇಲ್ಲೇ ಇದ್ದರೆ ಅವರ ಜಾಗ ಉಳಿಸಿದ ಹಾಗೆ ಅಂದುಕೊಂಡಿದ್ದೆ.” ಬೆರಳಲ್ಲಿ ಕೆಂಪು ಭಾಗವನ್ನು ತೋರಿಸಿದರು. “ನಮ್ಮ ಊರಿನವರು ಹಾಗೆ ಮಾಡಲಿಲ್ಲ, ನೋಡು. ಆ ದಡಕ್ಕೆ ಹೋಗಿ ಕೂತು ಅಳುತ್ತಾ ಇರಲಿಲ್ಲ. ಜಾಗ ಬಿಟ್ಟರು, ಈ ಕಡೆ ಗಿರಣಿ ತಿರುಗಿಸಿದರು. ಇದನ್ನು ನಾನು ಅಡುಗೆಮನೆಯಲ್ಲಿ ದಿನಾ ನೋಡ್ತಿದ್ದೆ, ಇವತ್ತಿನವರೆಗೂ ಹೊಳೆದಿರಲಿಲ್ಲ.”

ನನಗೆ ಮುಂದಿನ ಮಾತು ಏನು ಅಂತ ಗೊತ್ತಾಗಿತ್ತು.

“ನಾನು ಹೋಗ್ತೀನಿ” ಅಂದರು.

“ಅವರನ್ನು ಇಲ್ಲೇ ಮಣ್ಣಲ್ಲಿ ಬಿಟ್ಟು ಹೇಗೆ ಹೋಗ್ತೀರಿ?” ನನ್ನ ದನಿ ಒರಟಾಗಿ ಬಂತು. ಸತ್ತವರನ್ನು ಮುಂದೆ ಮಾಡಿಕೊಂಡು ನಾನು ಜಗಳಕ್ಕೆ ನಿಂತಿದ್ದೆ.

ಅವರು ನನ್ನ ಕಡೆ ನೋಡಿದರು. “ಅವರನ್ನು ಬಿಟ್ಟು ಹೋಗಬಹುದು. ನಿನ್ನನ್ನು ಬಿಟ್ಟು ಹೋಗೋದು ಕಷ್ಟ.”

ಇಬ್ಬರೂ ಅತ್ತೆವು, ಮುಚ್ಚುಮರೆಯಿಲ್ಲದೆ. ಅಷ್ಟರಲ್ಲಿ ಕಟ್ಟಡದ ಹಾರಿಸ್, ಅಂದರೆ ಕಾವಲಿನವನು, ಗುಡಿಸಲು ಪೊರಕೆ ಹಿಡಿದು ಮೆಟ್ಟಿಲು ಹತ್ತಿ ಬಂದವನು ನಮ್ಮನ್ನು ನೋಡಿ ಹಾಗೇ ಇಳಿದು ಹೋದ. ಅವತ್ತು ಸಂಜೆಯವರೆಗೂ ಅವನು ಐದನೆಯ ಮಹಡಿಗೆ ಬರಲಿಲ್ಲ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಶಿಶುವಿಹಾರಕ್ಕೆ ಬೇಡ ಅಂದರು. ಸೋಫಾ, ಫ್ರಿಜ್ಜು, ಮಂಚ ಒಂದೊಂದಾಗಿ ಲಿಫ್ಟಿನಲ್ಲಿ ಇಳಿದವು. ಗಂಡನ ಷೂಗಳನ್ನು ನಾವಿಬ್ಬರೂ ಸೇರಿ ಚೀಲಕ್ಕೆ ಹಾಕಿದೆವು. ತಗಡಿನ ಫಲಕವನ್ನು ಅವರು ಸ್ವೆಟರಿನಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡರು. ನನಗೆ ಕೊಡಬಹುದೇನೋ ಅಂತ ಒಂದು ಕ್ಷಣ ಆಸೆಯಾಗಿತ್ತು, ಸುಳ್ಳೇಕೆ ಹೇಳಲಿ? ಆದರೆ ಅದು ಅವರ ಅಪ್ಪ ಕೊಟ್ಟದ್ದು. ನನ್ನ ಗೋಡೆಗೆ ಬಂದು ಅದು ಏನು ಮಾಡೀತು?

ಹೊರಡುವ ದಿನ ನಮ್ಮವರು ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಡಲು ಒಪ್ಪಿದ್ದರು. ನಾನು ಹೋಗಲಿಲ್ಲ. ಅಲ್ಲಿಯವರೆಗೆ ಹೋದರೆ ವಾಪಸ್ ಬರುವ ದಾರಿ ನನ್ನಿಂದಾಗದು ಅನ್ನಿಸಿತು. ಲಿಫ್ಟಿನ ಮುಂದೆ ನಿಂತಾಗ ಅವರು, ಇಂಥ ಹೊತ್ತಿನಲ್ಲಿ ನಿಮ್ಮಲ್ಲಿ ಏನು ಅನ್ನಬೇಕು, ಈ ಸಲ ನನಗೆ ಮೊದಲೇ ಹೇಳಿಬಿಡು ಅಂದರು. “ಹೋಗಿ ಬರ್ತೀನಿ” ಅನ್ನಬೇಕು ಅಂದೆ. ಅರ್ಥವನ್ನೂ ಹೇಳಿದೆ. ಆಕೆ ಆ ಮಾತನ್ನು ಎರಡು ಸಲ ಬಾಯಲ್ಲಿ ಹೊರಳಿಸಿ, ತಪ್ಪು ತಪ್ಪಾಗಿ, ಆದರೆ ಪೂರ್ತಿಯಾಗಿ ಹೇಳಿದರು. ಬರುವುದಿಲ್ಲ ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮನೆ ಬಾಡಿಗೆಗಿದೆ ಅಂತ ಅರಬ್ಬಿಯಲ್ಲಿ ಬರೆದ ಕಾಗದ ಆ ಬಾಗಿಲಿಗೆ ಬಿತ್ತು. ನನಗೆ ಅದನ್ನು ನೋಡುವುದೇ ಬೇಡವಾಗಿ, ಬೆಳಿಗ್ಗೆ ರಂಗೋಲಿ ಹಾಕುವಾಗ ಆ ಕಡೆ ಬೆನ್ನು ಮಾಡಿ ಕೂರುತ್ತಿದ್ದೆ. ನಮ್ಮವರಿಗೂ ನನ್ನ ಮುಖ ನೋಡಿ ಏನೋ ಅನ್ನಿಸಿರಬೇಕು. ಒಂದು ಶುಕ್ರವಾರ ತಾವಾಗಿ ಯಾವತ್ತೂ ಹೇಳದವರು, “ನಡಿಯೇ, ಅಬು ಹಲೀಫಾ ಕಡೆ ಸಮುದ್ರ ನೋಡ್ಕೊಂಡು ಬರೋಣ” ಅಂದರು. ಹೋದೆವು. ದಡದಲ್ಲಿ ಬೇರೆಯವರ ಮಕ್ಕಳು ಆಡುತ್ತಿದ್ದರು. ನಾವು ಕಡಲೆಕಾಯಿ ತಿಂದು, ಹೆಚ್ಚು ಮಾತಾಡದೆ ವಾಪಸ್ ಬಂದೆವು. ಒಳ್ಳೆಯ ಮನುಷ್ಯ. ಆದರೂ ಅವರ ಪಕ್ಕ ಕೂತಾಗಲೂ ನಾನು ಒಂಟಿಯಾಗಿದ್ದೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಎದುರು ಮನೆಗೆ ಕೇರಳದ ಒಂದು ಕುಟುಂಬ ಬಂತು. ಗಂಡ ಹೆಂಡತಿ, ಹಾಲುಗಲ್ಲದ ಒಂದು ಹೆಣ್ಣುಮಗು. ಬಾಗಿಲ ಹೊರಗೆ ಪುಟ್ಟ ಪುಟ್ಟ ಚಪ್ಪಲಿ, ಮಡಚಿಟ್ಟ ತಳ್ಳುಗಾಡಿ. ಮಗುವಿನ ತಾಯಿ ನಗುಮುಖದ ಹುಡುಗಿ. ಬಂದ ಮರುದಿನವೇ ಬೆಲ್ಲು ಒತ್ತಿ, ಅವರ ಭಾಷೆಯಲ್ಲಿ ಅಕ್ಕ ಅನ್ನುವ ಹಾಗೆ ಚೇಚಿ ಅಂತ ಬಾಯ್ತುಂಬ ಕರೆದು, ಪಾಯಸ ಕೊಟ್ಟಳು. ನಾನು ಥ್ಯಾಂಕ್ಸ್ ಅಂದೆ, ಒಳಗೆ ಬಾ ಅನ್ನಲಿಲ್ಲ. ಅವಳದೇನೂ ತಪ್ಪಿರಲಿಲ್ಲ. ಅವಳು ನಿಂತಿದ್ದ ಜಾಗದಲ್ಲಿ ಬೇರೆಯವರನ್ನು ನೋಡಿ ಅಭ್ಯಾಸವಾಗಿದ್ದ ಕಣ್ಣು ನನ್ನದು.

ಕೆಲವು ದಿನ ಬಿಟ್ಟು ಜರ್ಮನಿಯಿಂದ ಫೋನು ಬಂತು. ಸಂಜೆ ನಾಲ್ಕರ ಹೊತ್ತು, ಲೆಕ್ಕ ಹಾಕಿಯೇ ಮಾಡಿದ್ದರು. ಆಗಷ್ಟೇ ಕಸದ ಚೀಲ ಹೊರಗಿಟ್ಟು ಬಂದಿದ್ದೆ, ನಮ್ಮ ಮನೆಯ ಬಾಗಿಲು ತೆರೆದೇ ಇತ್ತು. ಊರಿನಲ್ಲಿ ಗುರುತಿನವರು ಯಾರೂ ಇಲ್ಲ ಅಂದರು. ಬ್ರೆಡ್ಡಿನ ಅಂಗಡಿಯಾಕೆ ಇವರನ್ನು ಪ್ರವಾಸಿ ಅಂದುಕೊಂಡು ಪುರಭವನಕ್ಕೆ ದಾರಿ ಹೇಳಿದಳಂತೆ. ಸಣ್ಣ ಮನೆ, ಮೆಟ್ಟಿಲು ಕಡಿದು, ಕಿಟಕಿಯಿಂದ ನದಿ ಕಾಣುತ್ತದೆ. ಎದುರು ದಡದಲ್ಲಿ ಈಗಲೂ ಹುಲ್ಲು ಮಾತ್ರ, ಯಾರೂ ಕಟ್ಟಿಲ್ಲ. ಅದನ್ನು ನೋಡುತ್ತಾ ಕಾಫಿ ಕುಡಿಯುತ್ತೇನೆ ಅಂದರು. ಚೆನ್ನಾಗಿದ್ದೀರಾ ಅಂತ ಕೇಳಿದೆ. ಗಿರಣಿ ತಿರುಗುತ್ತಿದೆ ಅಂದರು. ಅವರ ನಗು ನೆಗಡಿಯಾದವರ ನಗುವಿನಂತಿತ್ತು.

ಆಮೇಲೆ, ಬಹಳ ಹಗುರಾಗಿ ಕೇಳುವವರ ಹಾಗೆ ಕೇಳಿದರು.

“ನಮ್ಮ ಮನೆಗೆ ಯಾರು ಬಂದಿದ್ದಾರೆ?”

ಎದುರು ಬಾಗಿಲೂ ಅರ್ಧ ತೆರೆದಿತ್ತು. ಅವರ ಕುರ್ಚಿ ಇದ್ದ ಮೂಲೆಯಲ್ಲಿ ತೊಟ್ಟಿಲು ಕಾಣುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವ ಹಾಗೆ ಸುಳ್ಳು ಹೇಳಿದ ಕೂಡಲೇ ಸಿಕ್ಕಿಬೀಳುವವಳು ನಾನು. ಆದರೂ ಅವತ್ತು ದನಿ ನಡುಗಲಿಲ್ಲ.

“ಯಾರೂ ಬಂದಿಲ್ಲ” ಅಂದೆ. “ಇನ್ನೂ ಖಾಲಿಯೇ ಇದೆ.”

ಆ ಕಡೆಯಿಂದ ಒಂದು ದೀರ್ಘ ಉಸಿರು ಕೇಳಿಸಿತು. ಅಷ್ಟರಲ್ಲಿ ತೊಟ್ಟಿಲಿನ ಮಗು ಎದ್ದು ರಾಗ ತೆಗೆಯಿತು. ನಾನು ಫೋನನ್ನು ಕಿವಿಗೆ ಹಿಡಿದುಕೊಂಡೇ ಎದ್ದು ಹೋಗಿ, ಅದರ ಅಳು ಅವರಿಗೆ ಕೇಳದ ಹಾಗೆ ನಮ್ಮ ಬಾಗಿಲು ಹಾಕಿದೆ.